ಮೂರು ಮೀಟರ್ ಗರಿಯನ್ನು ಹರ್ಬೇರಿಯಂ ಹಾಳೆಗೆ ಇಳಿಸುವುದು ಹೇಗೆ?

ಹರ್ಬೇರಿಯಂ ಅಂದರೆ ಒಣಗಿಸಿದ ಗಿಡಗಳ ಸಂಗ್ರಹಾಲಯ. ಅಲ್ಲಿ ಗಿಡವನ್ನು ಅಂಟಿಸಿಡುವ ಹಾಳೆ ಅಂದರೆ ಸುಮಾರು 29 ಸೆಂ.ಮೀ. ಅಗಲ, 42 ಸೆಂ.ಮೀ. ಉದ್ದದ ದಪ್ಪ ಕಾಗದ. ಮರಜರಿಯ, ಅಂದರೆ ಮರದಂತೆ ಕಾಂಡ ಬೆಳೆಸುವ ಜರೀಗಿಡದ (ಟ್ರೀ ಫರ್ನ್), ಒಂದು ಗರಿ (ಇಡೀ ಎಲೆ) ಎರಡು ಮೀಟರ್ ಇರುತ್ತದೆ, ಮೂರು ಮೀಟರ್ ಇರುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಇಷ್ಟು ದೊಡ್ಡದನ್ನು ಕಂಡ ಕೂಡಲೇ ಯಾರಿಗಾದರೂ ತೋಚುವುದು ಒಂದೇ: ಹಾಳೆಗೆ ಹಿಡಿಸುವಷ್ಟು ತುದಿ ಕತ್ತರಿಸಿಕೊಂಡು ಹೊರಡೋಣ. ಹೀಗೆ ಬಂದ ತುದಿಗಳು ಹರ್ಬೇರಿಯಂ ಕಪಾಟುಗಳಲ್ಲಿ ಬೇಕಾದಷ್ಟಿವೆ. ನೋಡಲು ಅಂದವಾಗಿವೆ. ಆದರೆ ಯಾವ ಜಾತಿ ಎಂದು ಕೇಳಿದರೆ ಹೇಳುವುದು ಕಷ್ಟ.

ನಾನೂ ಶುರುವಿನಲ್ಲಿ ಅದನ್ನೇ ಮಾಡಿದ್ದೆ. ದಿನವಿಡೀ ಮಳೆಯಲ್ಲಿ ನೆನೆದು ಮೂರು ಮಾದರಿ ತಂದಿದ್ದೆ. ಜರೀಗಿಡಗಳನ್ನು ಚೆನ್ನಾಗಿ ಬಲ್ಲ ಹಿರಿಯರೊಬ್ಬರು ಹಾಳೆಗಳನ್ನು ತಿರುವಿ ನೋಡಿ ಕೇಳಿದ್ದು ಒಂದೇ ಮಾತು: "ತೊಟ್ಟಿನ ಬುಡ ಎಲ್ಲಿ?" ನನ್ನ ಹತ್ತಿರ ಇರಲಿಲ್ಲ. ಆ ಗಿಡಗಳ ಹತ್ತಿರ ಮತ್ತೆ ಹೋಗಬೇಕೆಂದರೆ ಎರಡು ದಿನದ ನಡಿಗೆ. ಆ ಮೂರು ಹಾಳೆಗಳ ಮೇಲೆ ಇವತ್ತಿಗೂ ಜಾತಿಯ ಹೆಸರಿಲ್ಲ.

ಆದ್ದರಿಂದ ಈ ಲೇಖನದಲ್ಲಿ ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ: ಮರಜರಿಯ ಗುರುತು ಇರುವುದು ಗರಿಯ ತುದಿಯಲ್ಲಿ ಅಲ್ಲ, ಕಾಂಡಕ್ಕೆ ಅಂಟಿಕೊಂಡ ತೊಟ್ಟಿನ ಬುಡದಲ್ಲಿ.

ಮೊದಲು ಪರವಾನಗಿ

ಇದನ್ನು ಕೊನೆಗೆ ನೋಡಿಕೊಳ್ಳೋಣ ಅಂತ ಬಿಡಬೇಡಿ. ಕಾಡು ಯಾರ ಸುಪರ್ದಿಯಲ್ಲಿದೆಯೋ ಅವರ ಲಿಖಿತ ಅನುಮತಿ ಕೈಯಲ್ಲಿರಬೇಕು. ಕಾಡಿನಲ್ಲೇ ಬದುಕುವ ಜನರಿದ್ದರೆ ಅವರ ಒಪ್ಪಿಗೆಯೂ ಬೇಕು. ಮರಜರಿಗಳಿಗೆ ಇನ್ನೊಂದು ಕಟ್ಟಳೆ ಇದೆ. ಹೆಚ್ಚಿನ ಮರಜರಿಗಳು ಸೇರುವುದು ಸಯಾಥಿಯೇಸಿ ಕುಟುಂಬಕ್ಕೆ. ಈ ಕುಟುಂಬದ ಮರಜರಿಗಳು, ಅಳಿವಿನ ಅಪಾಯದ ಗಿಡ ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. ಡಿಕ್ಸೋನಿಯ ಕುಲದ ಅಮೆರಿಕ ಖಂಡಗಳ ಗಿಡಗಳು ಮತ್ತು ಸಿಬೋಟಿಯಂ ಬ್ಯಾರೋಮೆಟ್ಜ್ ಅನ್ನುವ ಜಾತಿ ಕೂಡ ಅದೇ ಪಟ್ಟಿಯಲ್ಲಿವೆ. ಅಂದರೆ ಒಣಗಿದ ಹಾಳೆಯಾದರೂ ಸುಮ್ನೆ ಗಡಿ ದಾಟಿಸುವಂತಿಲ್ಲ. ನೋಂದಾಯಿತ ವಿಜ್ಞಾನ ಸಂಸ್ಥೆಗಳು ತಮ್ಮತಮ್ಮಲ್ಲಿ ಎರವಲು ಕೊಡಲು, ವಿನಿಮಯ ಮಾಡಿಕೊಳ್ಳಲು ವಿನಾಯಿತಿ ಇದೆ. ಒಬ್ಬ ವ್ಯಕ್ತಿ ಚೀಲದಲ್ಲಿ ಹಾಕಿಕೊಂಡು ಹೋಗಲು ಇಲ್ಲ. ಡಿಎನ್‌ಎಗೆಂದು ಎಲೆ ತೆಗೆಯುವುದಾದರೆ ಜೀವಿಗಳ ಆನುವಂಶಿಕ ಸಂಪನ್ಮೂಲದ ಬಳಕೆ ಮತ್ತು ಲಾಭ ಹಂಚಿಕೆ ಕುರಿತ, 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದದ ನಿಯಮಗಳೂ ಅನ್ವಯಿಸಬಹುದು. ಪರವಾನಗಿ ಸಂಖ್ಯೆಯನ್ನು ಲೇಬಲ್‌ನಲ್ಲೇ ಬರೆಯುವುದು ಒಳ್ಳೆಯ ರೂಢಿ.

ಗಿಡದಲ್ಲಿ ಏನು ನೋಡಬೇಕು

ಕತ್ತರಿ ಹಿಡಿಯುವ ಮೊದಲು, ಹೆಸರು ಪತ್ತೆ ಮಾಡುವವರು ಏನು ಹುಡುಕುತ್ತಾರೆ ಅನ್ನುವುದು ಗೊತ್ತಿರಬೇಕು. ಆಗ ಯಾವ ತುಂಡು ಬೇಕು ಅನ್ನುವುದು ತಾನೇ ತಿಳಿಯುತ್ತದೆ.

ಮೊದಲ ಪ್ರಶ್ನೆ: ತೊಟ್ಟಿನ ಬುಡದಲ್ಲಿ ಇರುವುದು ಹುರುಪೆಯೋ ಕೂದಲೋ? ಮೀನಿನ ಹುರುಪೆಯ ಹಾಗೆ ಚಪ್ಪಟೆಯಾಗಿ, ತೆಳ್ಳಗೆ, ಕಂದು ಅಥವಾ ಬಿಳುಪಾಗಿ ಇದ್ದರೆ ಅದು ಸಯಾಥಿಯೇಸಿ ಕಡೆಯದು. ಮೆತ್ತನೆ ಉದ್ದ ಕೂದಲಿದ್ದರೆ ಡಿಕ್ಸೋನಿಯ ಅಥವಾ ಸಿಬೋಟಿಯಂ ಕಡೆಯದು. ಸಿಬೋಟಿಯಂ ಬ್ಯಾರೋಮೆಟ್ಜ್‌ನ ಹೊಂಬಣ್ಣದ ಕೂದಲು ಎಷ್ಟು ಒತ್ತಾಗಿದೆ ಅಂದರೆ, ಗಿಡದಲ್ಲಿ ಕುರಿಮರಿ ಬೆಳೆಯುತ್ತದೆ ಅನ್ನುವ ಯುರೋಪಿನ ಹಳೆಯ ಕಥೆಗೆ ಜನ ಇದೇ ಗಿಡವನ್ನು ತಳುಕು ಹಾಕಿದರು.

ಹುರುಪೆ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಬೇಡಿ. ಒಂದನ್ನು ಕಿತ್ತು, ಬೆಳಕಿಗೆ ಹಿಡಿದು, ಹತ್ತು ಪಟ್ಟು ದೊಡ್ಡದು ಮಾಡುವ ಕೈಲೆನ್ಸ್‌ನಲ್ಲಿ ನೋಡಿ. ಕೆಲವು ಹುರುಪೆಗಳಲ್ಲಿ ನಡುವಿನಿಂದ ಅಂಚಿನವರೆಗೆ ಜೀವಕೋಶಗಳೆಲ್ಲ ಒಂದೇ ಥರ ಇರುತ್ತವೆ. ಅಂಚಿನಲ್ಲಿ ಮಾತ್ರ ಗರಗಸದ ಹಲ್ಲಿನಂತೆ ಸಣ್ಣ ಸಣ್ಣ ಬಿರುಗೂದಲು. ಇದು ಸ್ಫೀರಾಪ್ಟೆರಿಸ್ ಕುಲದ ಗುರುತು. ಇನ್ನು ಕೆಲವದರಲ್ಲಿ ಸೀರೆಗೆ ಅಂಚು ಇದ್ದ ಹಾಗೆ ಬದಿಯ ಪಟ್ಟಿ ಬೇರೆಯಾಗಿ ಕಾಣುತ್ತದೆ. ಆ ಅಂಚಿನ ಜೊತೆಗೆ ತುದಿಯಲ್ಲಿ ಒಂದು ಕಪ್ಪು ಮುಳ್ಳುಗೂದಲು ಇದ್ದರೆ ಆಲ್ಸೋಫಿಲ. ಅಂಚಿದ್ದೂ ಆ ಕಪ್ಪು ಮುಳ್ಳು ಇಲ್ಲದಿದ್ದರೆ ಸಯಾಥಿಯ. ಮೂರು ಮೀಟರ್ ಗರಿಯ ಗುಟ್ಟು ಒಂದು ಸೆಂಟಿಮೀಟರ್ ಹುರುಪೆಯಲ್ಲಿ! ಇಂಥ ಹುರುಪೆ ತುದಿಯಲ್ಲಿ ಎಲ್ಲಿ ಸಿಗಬೇಕು? ಬುಡದಲ್ಲೂ ಹಳೆಯ ಗರಿಗಳಲ್ಲಿ ಉದುರಿ ಹೋಗಿರುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಎರಡನೆಯದು ಎಲೆಯ ಅಡಿಭಾಗದ ಬೀಜಕದ (ಜರಿಗಳಿಗೆ ಬೀಜದ ಬದಲು ಇರುವ ಪುಡಿಯಂಥ ಕಣ) ಚುಕ್ಕೆಗಳು. ಅವು ಅಂಚಿಗೆ ಅಂಟಿಕೊಂಡಿವೆಯೋ, ಒಳಗೆ ನರದ ಮೇಲಿವೆಯೋ? ಅವಕ್ಕೆ ಮುಚ್ಚಳದ ಪೊರೆ ಇದೆಯೋ? ಇದ್ದರೆ ತಟ್ಟೆಯ ಹಾಗೋ, ಬಟ್ಟಲಿನ ಹಾಗೋ, ಪೂರ್ತಿ ಮುಚ್ಚಿದ ಗೋಲಿಯ ಹಾಗೋ? ಗೋಲಿಯಂಥ ಪೊರೆ ಬೀಜಕ ಬಲಿತಾಗ ಒಡೆದು ಚೂರಾಗುತ್ತದೆ. ಆಮೇಲೆ ನೋಡಿದವರು ಅದನ್ನು ಬಟ್ಟಲು ಅಂದುಕೊಳ್ಳಬಹುದು. ಹಾಗಾಗಿ ಎಳೆಯ ಚುಕ್ಕೆ ಇರುವ ಭಾಗವೂ ಬೇಕು, ಬಲಿತ ಚುಕ್ಕೆ ಇರುವ ಭಾಗವೂ ಬೇಕು. ಒಂದೇ ಗರಿಯಲ್ಲಿ ಎರಡೂ ಸಿಗುವುದುಂಟು.

ಮೂರನೆಯದು ತೊಟ್ಟು. ಮುಳ್ಳಿದೆಯೋ, ಬರೀ ಗಂಟುಗಂಟೋ, ನುಣುಪೋ? ತೊಟ್ಟಿನ ಎರಡೂ ಪಕ್ಕದಲ್ಲಿ ಮಾಸಲು ಬಣ್ಣದ ಗೆರೆ ಅಥವಾ ಚುಕ್ಕೆಗಳ ಸಾಲು ಇರುತ್ತದೆ. ಗಿಡ ಉಸಿರಾಡುವ ಜಾಗ ಅದು. ಹಸಿಯಾಗಿದ್ದಾಗ ಎದ್ದು ಕಾಣುವ ಈ ಗೆರೆ ಒಣಗಿದ ಮೇಲೆ ಮಸಕಾಗುತ್ತದೆ. ಹಾಗಾಗಿ ಅಲ್ಲೇ ಫೋಟೊ ತೆಗೆದುಬಿಡಿ.

ಜೊತೆಗೆ ಒಯ್ಯಬೇಕಾದದ್ದು

ಉದ್ದ ಮಾಡಬಹುದಾದ ಅಲ್ಯೂಮಿನಿಯಂ ಕೋಲಿಗೆ ಕಟ್ಟಿದ ಕತ್ತರಿ, ಹರಿತವಾದ ಚಾಕು, ಗಟ್ಟಿ ಕೈಗವಸು, ಅಳತೆ ಪಟ್ಟಿ, ಕೈಲೆನ್ಸ್, ಜಿಪಿಎಸ್, ಪೆನ್ಸಿಲ್, ನೀರಿಗೆ ಹಾಳಾಗದ ಪುಸ್ತಕ, ದಾರ ಕಟ್ಟಿದ ಸಣ್ಣ ಟ್ಯಾಗ್‌ಗಳು, ಕಾಗದದ ಪೊಟ್ಟಣಗಳು, ನ್ಯೂಸ್‌ಪೇಪರ್, ದೊಡ್ಡ ಪ್ಲಾಸ್ಟಿಕ್ ಚೀಲಗಳು. ಪೆನ್ಸಿಲ್ ಯಾಕೆ ಅಂದರೆ ಮಳೆಗೂ, ಮಾದರಿ ಕೆಡದಂತೆ ಸುರಿಯುವ ಮದ್ಯಸಾರಕ್ಕೂ ಅದು ಅಳಿಸುವುದಿಲ್ಲ. ಒಂದು ಸಾದಾ ಮಾಸ್ಕ್ ಕೂಡ ಇಟ್ಟುಕೊಳ್ಳಿ. ಗರಿ ಇಳಿಸುವಾಗ ಹುರುಪೆಯ ಪುಡಿ ಕಣ್ಣು ಮೂಗಿಗೆ ಬೀಳುತ್ತದೆ. ಕೆಲವು ಜಾತಿಗಳದ್ದು ಚರ್ಮಕ್ಕೆ ತಾಗಿದರೂ ತುರಿಕೆ.

ಗಿಡ ಆರಿಸಿ, ಗರಿ ಇಳಿಸಿ

ಮರಜರಿಗಳು ಹೆಚ್ಚಾಗಿ ಸಿಗುವುದು ತೊರೆಯ ಪಕ್ಕದ ಇಳಿಜಾರುಗಳಲ್ಲಿ, ಮಂಜು ಮುಸುಕುವ ಕಣಿವೆಗಳಲ್ಲಿ. ನೆಲ ಜಾರುತ್ತದೆ, ಜಿಗಣೆ ಇರುತ್ತದೆ. ಒಣಗಿ ಜೋತುಬಿದ್ದ ಹಳೆಯ ಗರಿಗಳ ಲಂಗದೊಳಗೆ ಹಾವು ಇರಬಹುದು, ಕೋಲಿನಿಂದ ಅಲುಗಾಡಿಸಿ ನೋಡಿದ ಮೇಲೆ ಕೈ ಹಾಕಿ. ಜಾರುವಾಗ ಆಸರೆಗೆಂದು ಮುಳ್ಳು ತೊಟ್ಟನ್ನೇ ಹಿಡಿದುಕೊಂಡವರನ್ನು ನೋಡಿದ್ದೇನೆ. ಗಾಯ ಬೇಗ ಮಾಯುವುದಿಲ್ಲ.

ಬೀಜಕ ಇರುವ, ಪೂರ್ತಿ ಬೆಳೆದ ಗಿಡವನ್ನೇ ಆರಿಸಿ. ಎಳೆಯ ಗಿಡದ ಗರಿ ದೊಡ್ಡ ಗಿಡದ ಗರಿಗಿಂತ ಎಷ್ಟೋ ಬೇರೆಯಾಗಿರುತ್ತದೆ. ಸುತ್ತ ಒಮ್ಮೆ ನೋಡಿ, ಅಂಥವು ಇನ್ನೆಷ್ಟಿವೆ ಎಣಿಸಿ. ಒಂದೋ ಎರಡೋ ಮಾತ್ರ ಇದ್ದರೆ ಫೋಟೊ, ಅಳತೆ, ಒಂದು ಕಿರುಗರಿ (ಗರಿಯ ನಡುದಂಟಿನಿಂದ ಬದಿಗೆ ಕವಲೊಡೆದ ಭಾಗ), ಬುಡದ ನಾಲ್ಕು ಹುರುಪೆ ಸಾಕು. ಜರಿಗಳಲ್ಲಿ ಮಿಶ್ರತಳಿಗಳೂ ಹುಟ್ಟುತ್ತವೆ. ಎರಡು ಜಾತಿಗಳ ನಡುವೆ ಎರಡನ್ನೂ ಹೋಲುವ ಗಿಡ ಕಂಡರೆ ಮೂರನ್ನೂ ಬೇರೆ ಬೇರೆ ಸಂಖ್ಯೆ ಕೊಟ್ಟು ಸಂಗ್ರಹಿಸಿ.

ಮುಖ್ಯವಾದ ಮಾತು ಇದು. ಹೆಚ್ಚಿನ ಮರಜರಿಗಳಿಗೆ ಕೊಂಬೆ ಇರುವುದಿಲ್ಲ. ಬೆಳೆಯುವ ಸುಳಿ ಒಂದೇ, ಅದೂ ನೆತ್ತಿಯಲ್ಲಿ. ಸುಳಿ ಮುರಿದರೆ ಗಿಡದ ಕಥೆ ಮುಗಿದ ಹಾಗೆ. ಎಷ್ಟೋ ಜಾತಿಗಳ ಕಾಂಡ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಏರುತ್ತದೆ. ನಿಮ್ಮ ತಲೆಗಿಂತ ಎತ್ತರದ ಗಿಡಕ್ಕೆ ನಿಮಗಿಂತ ಜಾಸ್ತಿ ವಯಸ್ಸಾಗಿರಬಹುದು. ಅದನ್ನು ಒಂದು ಹಾಳೆಗಾಗಿ ಕಡಿಯುವುದು ಯಾವ ವಿಜ್ಞಾನವೂ ಅಲ್ಲ. ಒಂದು ಗರಿ ಸಾಕು. ಹಳದಿಯಾಗದ, ಬೀಜಕ ತುಂಬಿದ, ಸುಳಿಯಿಂದ ಹೊರಗಿನ ಸುತ್ತಿನ ಗರಿ. ಸುರುಳಿ ಬಿಚ್ಚದ ಎಳೆಯ ಗರಿಗೆ ಕತ್ತರಿ ತಾಗಿಸಬೇಡಿ. ಅದರ ಮೇಲೆ ತಾಜಾ ಹುರುಪೆ ದಟ್ಟವಾಗಿರುತ್ತದೆ, ನಿಜ. ಚಿಮಟದಲ್ಲಿ ಆರೆಂಟು ಕಿತ್ತು ಪೊಟ್ಟಣಕ್ಕೆ ಹಾಕಿಕೊಂಡರೆ ಗಿಡಕ್ಕೆ ಏನೂ ಆಗುವುದಿಲ್ಲ.

ಗಿಡ ಎತ್ತರವಿದ್ದರೆ ಕೆಳಗಿನಿಂದ ಒದ್ದಾಡಬೇಡಿ. ಇಳಿಜಾರಿನ ಮೇಲ್ಭಾಗಕ್ಕೆ ಹೋಗಿ ನಿಂತರೆ ಎಷ್ಟೋ ಸಲ ನೆತ್ತಿ ನಿಮ್ಮ ಎದೆಯ ಮಟ್ಟಕ್ಕೆ ಬರುತ್ತದೆ. ಕಾಂಡ ಹತ್ತಲು ಹೋಗಬೇಡಿ. ಬುಡದಲ್ಲಿ ದಪ್ಪಗೆ ಕಾಣುವುದೆಲ್ಲ ಬೇರಿನ ಹೊದಿಕೆ, ಒಳಗಿನ ಕಾಂಡ ಸಣ್ಣದು. ಆ ಹೊದಿಕೆಯ ಮೇಲೆ ಪಾಚಿ, ಸಣ್ಣ ಪೊರೆಜರಿಗಳು ಮನೆ ಮಾಡಿರುತ್ತವೆ.

ತೊಟ್ಟನ್ನು ಕಾಂಡಕ್ಕೆ ಆದಷ್ಟು ಹತ್ತಿರ ಕತ್ತರಿಸಿ. ಕೋಲಿನ ಕತ್ತರಿ ಅಲ್ಲಿಗೆ ತಲುಪದಿದ್ದರೆ ಕತ್ತರಿಸಿದ ಜಾಗ ಬುಡದಿಂದ ಎಷ್ಟು ಮೇಲೆ ಅನ್ನುವುದನ್ನು ಬರೆದುಕೊಳ್ಳಿ. ನೆಲದಲ್ಲಿ ಬಿದ್ದ ಹಳೆಯ ಗರಿಯನ್ನು ಆಸೆಯಿಂದ ಎತ್ತಿಕೊಳ್ಳಬೇಡಿ. ಅದರ ಹುರುಪೆ ಉದುರಿರುತ್ತದೆ, ಪೊರೆ ಒಡೆದಿರುತ್ತದೆ. ಅದು ಯಾವ ಗಿಡದ್ದು ಅನ್ನುವುದೂ ಖಾತ್ರಿ ಇಲ್ಲ.

ತುಂಡು ಮಾಡುವ ಮೊದಲು ಅಳೆಯಿರಿ

ಗರಿಯನ್ನು ನೆಲದಲ್ಲಿ ಉದ್ದಕ್ಕೆ ಹಾಸಿ. ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ಇಡೀ ಗರಿಯ ಫೋಟೊ ತೆಗೆಯಿರಿ. ಆಮೇಲೆ ಪುಸ್ತಕ ಬಿಚ್ಚಿ.

ಕಾಂಡದ ಎತ್ತರ, ಎದೆಮಟ್ಟದಲ್ಲಿ ಅದರ ದಪ್ಪ, ನೆತ್ತಿಯಲ್ಲಿ ಎಷ್ಟು ಗರಿ, ಒಣಗಿದ ಗರಿಗಳು ಜೋತುಬಿದ್ದಿವೆಯೋ ಅಥವಾ ಉದುರಿ ಗುರುತು ಉಳಿದಿದೆಯೋ ಬರೆಯಿರಿ. ಉದುರಿದ ಗುರುತು ಇದ್ದರೆ ಹತ್ತಿರದಿಂದ ಫೋಟೊ ಬೇಕು. ಆ ಗುರುತಿನೊಳಗೆ ನೀರು, ಆಹಾರ ಸಾಗಿಸುವ ನಾಳಗಳ ಚುಕ್ಕೆಗಳು ಒಂದು ವಿನ್ಯಾಸದಲ್ಲಿ ಕೂತಿರುತ್ತವೆ. ತೊಟ್ಟಿನ ಉದ್ದ, ಎಲೆಭಾಗದ ಉದ್ದ, ಕಿರುಗರಿಗಳು ಎಷ್ಟು ಜೋಡಿ, ಅತಿ ಉದ್ದದ ಕಿರುಗರಿ ಎಷ್ಟು, ಅತಿ ಕೆಳಗಿನದು ಎಷ್ಟು ಎಂದು ಅಳೆಯಿರಿ. ಈ ಕೊನೆಯದನ್ನು ಜನ ಬಿಟ್ಟುಬಿಡುತ್ತಾರೆ. ಕೆಲವು ಜಾತಿಗಳಲ್ಲಿ ಕೆಳಗಿನ ಕಿರುಗರಿಗಳು ಥಟ್ಟನೆ ನಿಂತುಬಿಡುತ್ತವೆ, ಕೆಲವದರಲ್ಲಿ ಚಿಕ್ಕದಾಗುತ್ತಾ ಕಾಂಡದವರೆಗೂ ಇಳಿಯುತ್ತವೆ. ಆಫ್ರಿಕಾದ ದಕ್ಷಿಣದಲ್ಲಿ ಬೆಳೆಯುವ ಆಲ್ಸೋಫಿಲ ಕ್ಯಾಪೆನ್ಸಿಸ್‌ನಲ್ಲಂತೂ ತೊಟ್ಟಿನ ಬುಡದಲ್ಲಿ ಸೀಳುಸೀಳಾದ, ಬೇರೆಯೇ ಜರಿಯೇನೋ ಅನ್ನಿಸುವ ಪುಟ್ಟ ಕಿರುಗರಿಗಳಿರುತ್ತವೆ. ಅವನ್ನು ಕಸ ಅಂದುಕೊಂಡು ಬಿಸಾಡಿದರೆ ಒಳ್ಳೆಯ ಗುರುತೊಂದು ಹೋಯಿತು.

ಬಣ್ಣಗಳನ್ನು ಹಸಿಯಿದ್ದಾಗಲೇ ಬರೆಯಿರಿ. ತೊಟ್ಟು ಹಸಿರೋ, ಹುಲ್ಲುಬಣ್ಣವೋ, ಕಪ್ಪು ನೇರಳೆಯೋ? ಎಲೆಯ ಅಡಿ ಬೂದಿ ಸವರಿದಂತೆ ಬೆಳ್ಳಗಿದೆಯೋ? ಒಣಗಿದ ಮೇಲೆ ಬಹುಪಾಲು ಕಂದೇ.

ಯಾವ ಯಾವ ತುಂಡು

ಪುಸ್ತಕದಲ್ಲಿ ಇಡೀ ಗರಿಯ ಒಂದು ಸಣ್ಣ ಗೆರೆಚಿತ್ರ ಬರೆಯಿರಿ. ಚೆಂದ ಬರಬೇಕೆಂದೇನೂ ಇಲ್ಲ. ತೆಗೆಯುವ ತುಂಡುಗಳ ಜಾಗದಲ್ಲಿ ಅ, ಆ, ಇ, ಈ ಎಂದು ಗುರುತು ಹಾಕಿ. ಅದೇ ಅಕ್ಷರ, ಅದೇ ಸಂಗ್ರಹ ಸಂಖ್ಯೆ ಪ್ರತಿ ತುಂಡಿನ ಟ್ಯಾಗ್‌ನಲ್ಲೂ ಇರಬೇಕು. ಪ್ರೆಸ್ (ಗಿಡಗಳನ್ನು ಒತ್ತಿ ಒಣಗಿಸುವ ಚೌಕಟ್ಟು) ಬಿಚ್ಚಿದಾಗ ನಾಲ್ಕು ಗಿಡಗಳ ತುಂಡುಗಳು ಒಂದೇ ಥರ ಕಾಣುತ್ತವೆ, ಆಗ ನೆನಪು ಕೈಕೊಡುತ್ತದೆ.

ಮೊದಲು ಬುಡದ 25–30 ಸೆಂ.ಮೀ. ತೊಟ್ಟು. ಇದನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ. ಸೀಳಿದ ಕೂಡಲೇ ಲೋಳೆ ಸುರಿಯುತ್ತದೆ. ಒರೆಸುವಾಗ ಹುರುಪೆ ಇರುವ ಮೈಗೆ ಬಟ್ಟೆ ತಾಗದಂತೆ ಒಳಗಿನ ಕಡೆ ಮಾತ್ರ ಒರೆಸಿ. ಎರಡು ಸೀಳುಗಳಲ್ಲಿ ಒಂದರ ಒಳತಿರುಳನ್ನು ಕೆತ್ತಿ ತೆಗೆದರೆ ಬೇಗ ಒಣಗುತ್ತದೆ. ಜೊತೆಗೆ ಅಡ್ಡಕ್ಕೆ ಕತ್ತರಿಸಿದ ಒಂದು ತೆಳ್ಳನೆ ಬಿಲ್ಲೆ ಇಟ್ಟುಕೊಳ್ಳಿ, ನಾಳಗಳ ವಿನ್ಯಾಸ ಅದರಲ್ಲಿ ಉಳಿಯುತ್ತದೆ. ಉದುರಿದ ಹುರುಪೆಗಳನ್ನೆಲ್ಲ ಪೊಟ್ಟಣಕ್ಕೆ ಹಾಕಿ. ಪೊಟ್ಟಣದ ಮೇಲೆ ಸಂಖ್ಯೆ ಬರೆದ ನಂತರವೇ ತುಂಬಿ.

ಎರಡನೆಯದು ಅತಿ ಕೆಳಗಿನ ಕಿರುಗರಿ. ಮೂರನೆಯದು ನಡುಭಾಗದ ಕಿರುಗರಿ, ನಡುದಂಟಿನ ಒಂದು ತುಂಡು ಅದಕ್ಕೆ ಅಂಟಿಕೊಂಡಿರಲೇಬೇಕು. ಕೂಡುವ ಜಾಗದಲ್ಲೂ ಕೂದಲು, ಹುರುಪೆಯ ಗುರುತುಗಳಿರುತ್ತವೆ. ನಡುವಿನ ಕಿರುಗರಿಯೇ ಅರ್ಧ ಮೀಟರ್‌ಗಿಂತ ಉದ್ದ ಇದ್ದರೆ ಆಂಗ್ಲ ವಿ ಅಕ್ಷರದ ಹಾಗೆ ಒಂದು ಸಲ, ಸಾಲದಿದ್ದರೆ ಎನ್ ಅಕ್ಷರದ ಹಾಗೆ ಎರಡು ಸಲ ಮಡಚಿ. ಅಗಲ ಜಾಸ್ತಿಯಾದರೆ ಒಂದು ಬದಿಯ ಎಲೆಗಳನ್ನು ಕತ್ತರಿಸಬಹುದು, ಆದರೆ ಪ್ರತಿಯೊಂದರ ಬುಡದ ಚೂರು ಉಳಿಯಲಿ. ಅಲ್ಲಿ ಎಲೆ ಇತ್ತು ಅನ್ನುವುದು ನೋಡುವವರಿಗೆ ತಿಳಿಯಬೇಕಲ್ವಾ? ಕೊನೆಗೆ ಗರಿಯ ತುದಿ.

ನ್ಯೂಸ್‌ಪೇಪರ್‌ನಲ್ಲಿ ಇಡುವಾಗ ಕೆಲವು ಎಲೆ ಮೇಲ್ಮುಖ, ಹೆಚ್ಚಿನವು ಅಡಿಮುಖ ಕಾಣುವಂತೆ ತಿರುಗಿಸಿ. ಒಣಗಿದ ಮೇಲೆ ತಿರುಗಿಸಲು ಹೋದರೆ ಪುಡಿ.

ಒಂದೇ ಗರಿಯಿಂದ ನಾಲ್ಕೈದು ಪ್ರತಿ ಮಾಡುವುದು ಸುಲಭ, ಮರಜರಿಯಲ್ಲಿ ಸಿಗುವ ಅನುಕೂಲ ಅದು. ಪ್ರತಿಗಳನ್ನು ಬೇರೆ ಬೇರೆ ಹರ್ಬೇರಿಯಂಗಳಿಗೆ ಹಂಚುವಾಗ ಚೆಂದದ ಕಿರುಗರಿ ಎಲ್ಲರಿಗೂ, ಬುಡದ ತುಂಡು ಒಬ್ಬರಿಗೆ ಮಾತ್ರ ಅನ್ನುವಂತೆ ಆಗಬಾರದು. ಬುಡವನ್ನು ಎಷ್ಟು ಸೀಳು ಬೇಕೋ ಅಷ್ಟು ಮಾಡಿ. ಅದೂ ಆಗದಿದ್ದರೆ ಪ್ರತಿಯೊಂದು ಪ್ರತಿಗೂ ಹುರುಪೆಯ ಒಂದು ಪೊಟ್ಟಣ.

ಡಿಎನ್‌ಎಗೆ

ಬೀಜಕ ಇಲ್ಲದ ಎಳೆಯ ಹಸಿರು ಎಲೆಯ ಕೆಲವು ಚೂರುಗಳನ್ನು ಟೀ ಚೀಲದಂಥ ತೆಳು ಕಾಗದದಲ್ಲಿ ಸುತ್ತಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳಲ್ಲಿ ಹೂತುಬಿಡಿ. ಎಲೆಯ ತೂಕದ ಹತ್ತು ಪಟ್ಟು ಜೆಲ್ ಇರಲಿ. ಮರುದಿನ ಎಲೆ ಬೆರಳಲ್ಲಿ ಪಟ್ಟನೆ ಮುರಿಯಬೇಕು. ಬಾಗಿದರೆ ಜೆಲ್ ಬದಲಿಸಿ. ಇದನ್ನು ಕಾಡಿನಲ್ಲೇ ಮಾಡಿ. ಮದ್ಯಸಾರ ತಾಗಿದ ಮೇಲೆ ಡಿಎನ್‌ಎ ಚೆನ್ನಾಗಿ ಉಳಿಯುವುದಿಲ್ಲ.

ಒಣಗಿಸುವುದು

ಮಳೆಕಾಡಿನಲ್ಲಿ ಗಾಳಿಯೇ ಒದ್ದೆ. ಪ್ರೆಸ್‌ನಲ್ಲಿ ಕಟ್ಟಿ ಸುಮ್ನೆ ಇಟ್ಟರೆ ಎರಡು ಮೂರು ದಿನದಲ್ಲಿ ಬೂಸ್ಟು ಬರುತ್ತದೆ, ಎಲೆಗಳು ಕಳಚಿ ಉದುರುತ್ತವೆ. ದಾರಿ ಎರಡು.

ಬಿಸಿಯ ವ್ಯವಸ್ಥೆ ಇದ್ದರೆ ಅದೇ ದಿನ ಸಂಜೆ ಒಣಗಿಸಲು ಶುರು ಮಾಡಿ. ನ್ಯೂಸ್‌ಪೇಪರ್, ಬ್ಲಾಟಿಂಗ್ ಪೇಪರ್, ಏರಿಳಿತದ ರಟ್ಟು ಹೀಗೆ ಪದರ ಹಾಕಿ ಬಿಗಿಯಾಗಿ ಕಟ್ಟಿ. ರಟ್ಟಿನ ಕೊಳವೆಗಳೊಳಗೆ ಬಿಸಿ ಗಾಳಿ ಹಾದುಹೋಗುವಂತೆ ಪ್ರೆಸ್ಸನ್ನು ನಿಲ್ಲಿಸಿ. ಬಿಸಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಸಾಕು. ಅವಸರಕ್ಕೆ ಜಾಸ್ತಿ ಮಾಡಿದರೆ ಎಲೆ ಸುಟ್ಟು ಕಪ್ಪಾಗಿ ಚೂರಾಗುತ್ತದೆ. ತೊಟ್ಟಿನ ಬುಡ ಮತ್ತು ಎಲೆಗಳನ್ನು ಒಂದೇ ಪ್ರೆಸ್‌ನಲ್ಲಿ ಹಾಕಬೇಡಿ. ದಪ್ಪ ತೊಟ್ಟಿನ ಪಕ್ಕ ಎಲೆಗೆ ಒತ್ತು ಬೀಳದೆ ಅದು ಸುಕ್ಕಾಗುತ್ತದೆ. ಎಲೆ ಒಂದೆರಡು ದಿನದಲ್ಲಿ ಒಣಗಿದರೆ ತೊಟ್ಟಿಗೆ ಇನ್ನೂ ಹಲವು ದಿನ ಬೇಕು. ಮೊದಲ ದಿನ ದಾರ ಎರಡು ಸಲ ಬಿಗಿ ಮಾಡಬೇಕಾಗುತ್ತದೆ. ಒಣಗಿದೆಯೋ ಇಲ್ಲವೋ ತಿಳಿಯಲು ಮಾದರಿ ಆರಿದ ಮೇಲೆ ಅದನ್ನು ಕೆನ್ನೆಗೆ ತಾಗಿಸಿ. ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ನೀರಿದೆ.

ಬಿಸಿಯ ವ್ಯವಸ್ಥೆ ದೂರದಲ್ಲಿದ್ದರೆ ಮದ್ಯಸಾರದ ದಾರಿ. ನ್ಯೂಸ್‌ಪೇಪರ್‌ನಲ್ಲಿ ಸುತ್ತಿದ ಮಾದರಿಗಳ ಕಟ್ಟನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಇಳಿಸಿ. ಸುಮಾರು 60–70 ಶೇಕಡ ಮದ್ಯಸಾರವನ್ನು ಕಾಗದವೆಲ್ಲ ನೆನೆಯುವಷ್ಟು ಸುರಿದು ಬಾಯಿ ಬಿಗಿದರೆ ವಾರಗಟ್ಟಲೆ ಕೆಡುವುದಿಲ್ಲ. ಎಲೆಯ ಬಣ್ಣ ಹೋಗುತ್ತದೆ, ಹುರುಪೆಯ ಆಕಾರ, ಬೀಜಕದ ಚುಕ್ಕೆ ಉಳಿಯುತ್ತವೆ. ಮುಳ್ಳು ತೊಟ್ಟು ಚೀಲ ತೂತು ಮಾಡುತ್ತದೆ, ಅದಕ್ಕೆ ಹೆಚ್ಚು ಕಾಗದ ಸುತ್ತಿ. ವಾಪಸ್ ಬಂದ ಮೇಲೆ ಹೊರಗೆ ಗಾಳಿಯಲ್ಲಿ ಮದ್ಯಸಾರ ಪೂರ್ತಿ ಆರಲು ಬಿಡಿ, ಆಮೇಲೆ ಬಿಸಿಗೆ ಇಡಿ. ಹಸಿಹಸಿಯಾಗಿ ಹೀಟರ್ ಮೇಲಿಟ್ಟರೆ ಬೆಂಕಿ ಹೊತ್ತಿಕೊಳ್ಳುತ್ತದೆ.

ಲೇಬಲ್, ಅಂಟಿಸುವುದು

ದಿನಾಂಕ, ಜಾಗ, ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ಸಂಗ್ರಹಿಸಿದವರ ಹೆಸರು, ಸಂಖ್ಯೆ. ಇವು ಎಲ್ಲ ಗಿಡಕ್ಕೂ ಇದ್ದದ್ದೇ. ಮರಜರಿಗೆ ಇನ್ನಷ್ಟು ಬರೆಯಬೇಕು. ತೊರೆಯಿಂದ ಎಷ್ಟು ದೂರ, ಮರಗಳ ನೆರಳೋ ಬಯಲೋ, ಸುತ್ತ ಅದೇ ಥರದ್ದು ಎಷ್ಟಿವೆ, ಎಳೆಯ ಗಿಡಗಳು ಕಂಡವೋ? ನೀವು ಮಾಡಿದ ಅಳತೆಗಳೆಲ್ಲ ಲೇಬಲ್‌ಗೆ ಬರಲಿ, ಪುಸ್ತಕದಲ್ಲೇ ಉಳಿದರೆ ಹಾಳೆ ನೋಡುವವರಿಗೆ ಸಿಗುವುದಿಲ್ಲ. ಗೆರೆಚಿತ್ರದ ನಕಲು, ಇಡೀ ಗಿಡದ ಒಂದು ಫೋಟೊ ಕೂಡ ಹಾಳೆಗೆ ಅಂಟಿಸಿ. ತೀರಾ ಅಪರೂಪದ ಗಿಡವಾದರೆ ನಿಖರ ಜಾಗವನ್ನು ಅಂತರ್ಜಾಲದಲ್ಲಿ ತೋರಿಸಬೇಡಿ ಎಂದು ಹರ್ಬೇರಿಯಂನವರಿಗೆ ಬರೆದು ತಿಳಿಸಿ. ಗಿಡ ಕದಿಯುವವರೂ ಆ ಪುಟ ನೋಡುತ್ತಾರೆ.

ಒಂದು ಗಿಡಕ್ಕೆ ನಾಲ್ಕೈದು ಹಾಳೆ ಆಗಬಹುದು. ಪ್ರತಿ ಹಾಳೆಯಲ್ಲೂ "5ರಲ್ಲಿ 1", "5ರಲ್ಲಿ 2" ಎಂದು ಬರೆಯಿರಿ. ಹರ್ಬೇರಿಯಂ ಒಳಗೆ ಸೇರಿಸುವ ಮೊದಲು ಕಟ್ಟನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಮೈನಸ್ 20 ಡಿಗ್ರಿಗಿಂತ ತಣ್ಣಗಿನ ಫ್ರೀಜರ್‌ನಲ್ಲಿ ಒಂದು ವಾರವಾದರೂ ಇಡುತ್ತಾರೆ, ಹುಳು ಸಾಯಲೆಂದು. ಹೊರಗೆ ತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೂ ಪ್ಲಾಸ್ಟಿಕ್ ಬಿಚ್ಚಬಾರದು, ಬಿಚ್ಚಿದರೆ ಮಾದರಿಯ ಮೇಲೆ ನೀರು ಹನಿಗಟ್ಟುತ್ತದೆ. ತೆಳ್ಳನೆ ಭಾಗಗಳಿಗೆ ಅಂಟು ಸಾಕು. ಸೀಳಿದ ತೊಟ್ಟನ್ನು ಮಾತ್ರ ದಾರದಿಂದ ಹೊಲಿಯಿರಿ, ಗಂಟು ಹಾಳೆಯ ಹಿಂದೆ ಬರಲಿ. ಮುಳ್ಳು ಮೇಲಿನ ಹಾಳೆಗೆ ಚುಚ್ಚದಂತೆ ಅದರ ಮೇಲೊಂದು ದಪ್ಪ ಕಾಗದ ಮಡಚಿ ಹೊದಿಸಿ. ಹುರುಪೆಯ ಪೊಟ್ಟಣವನ್ನು ಬುಡ ಇರುವ ಹಾಳೆಗೇ ಅಂಟಿಸಿ. ಬಾಯಿ ತೆರೆದು ಮುಚ್ಚಲು ಬರುವ ಹಾಗೆ ಹಿಂಬದಿಗೆ ಮಾತ್ರ ಅಂಟು ಹಚ್ಚಿ.